ಶೇಂಗಾ ಹಾಲು: ಹಸಿ ವಾಸನೆ ಬಾರದ ಹಾಗೆ, ಒಡೆಯದ ಹಾಗೆ

ಕಲಬುರಗಿಯಲ್ಲಿ ಮನೆಯಲ್ಲೇ ಸಸ್ಯದ ಹಾಲು ಮಾಡುವುದಾದರೆ ಬಾದಾಮಿಗಿಂತ ಶೇಂಗಾನೇ ಸರಿ. ಯಾವ ಕಿರಾಣಿ ಅಂಗಡಿಗೆ ಹೋದರೂ ಸಿಗುತ್ತದೆ, ಖರ್ಚೂ ಕಡಿಮೆ. ಆದರೆ ಬಾದಾಮಿ ಹಾಲು ಮಾಡಿದ ಹಾಗೆಯೇ ಮಾಡಿದರೆ ಕೆಡುತ್ತದೆ. ಶೇಂಗಾ ನಮ್ಮ ತೊಗರಿ, ಕಡಲೆಯ ಕುಲದ್ದು. ಹಸಿ ಬೇಳೆ ಅರೆದು ಕುಡಿಯಲು ಹೇಗೆ ಆಗದೋ ಇದನ್ನೂ ಕುದಿಸದೆ ಕುಡಿಯಲು ಆಗದು.

150 ಗ್ರಾಂ ಹಸಿ ಶೇಂಗಾ ತೆಗೆದುಕೊಳ್ಳಿ. ಹುರಿದದ್ದು ಬೇಡ. ಮೊರದಲ್ಲಿ ಹಾಕಿ, ಬೂಸ್ಟು ಹಿಡಿದದ್ದು, ಸುಕ್ಕಾದದ್ದು, ಕಪ್ಪಾದದ್ದು ಎಲ್ಲ ಆರಿಸಿ ಎಸೆಯಿರಿ. ಇದರಲ್ಲಿ ಸೋಮಾರಿತನ ಬೇಡವೇ ಬೇಡ: ಬೂಸ್ಟಿನಿಂದ ಆಗುವ ಅಫ್ಲಾಟಾಕ್ಸಿನ್ ಎಂಬ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ, ಕಮಟು ಹತ್ತಿದ್ದರೆ ಹಾಲೂ ಕಮಟೇ.

ಎಂಟು ತಾಸು ನೆನೆಹಾಕಿ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇದಲ್ಲಿ ಮಾತ್ರ ಪಾತ್ರೆಯನ್ನು ಫ್ರಿಜ್‌ನಲ್ಲಿಡಿ. ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ನೊರೆಗಟ್ಟಿ ಹುಳಿ ವಾಸನೆ ಹೊಡೆಯುತ್ತದೆ. ಅಂಥ ಕಾಳು ತೊಳೆದು ಬಳಸಬೇಡಿ, ಚೆಲ್ಲಿಬಿಡಿ. ನೆನೆದ ಮೇಲೆ ನೀರು ಬಸಿದು, ಅಂಗೈಯಲ್ಲಿ ತಿಕ್ಕಿ ಸಿಪ್ಪೆ ತೆಗೆಯಿರಿ. ಸಿಪ್ಪೆ ಉಳಿದರೆ ಹಾಲು ಒಗರಾಗಿ ಕೆಂಪಗಾಗುತ್ತದೆ.

ಅರೆಯಲು ಒಟ್ಟು 900 ಮಿಲಿ ನೀರು ಬೇಕು, ಮೊದಲಿಗೆ 200 ಮಿಲಿ ಮಾತ್ರ ಹಾಕಿ. ಎಲ್ಲ ನೀರು ಒಮ್ಮೆಲೇ ಸುರಿದರೆ ಕಾಳು ಮಿಕ್ಸರ್‌ನಲ್ಲಿ ಸುಮ್ಮನೆ ಸುತ್ತುತ್ತದೆ, ನುಣ್ಣಗಾಗುವುದಿಲ್ಲ. ಬೆರಳಲ್ಲಿ ತಿಕ್ಕಿದರೆ ರವೆಯಂತೆ ಹತ್ತಬಾರದು. ಆಮೇಲೆ ಉಳಿದ ನೀರು ಸೇರಿಸಿ ಮತ್ತೊಮ್ಮೆ ತಿರುವಿ. ಬೋರಿನ ಗಡಸು ನೀರು ಬೇಡ, ಅದರ ಸುಣ್ಣದಂಶ ಹಾಲು ಒಡೆಯಲು ಕಾರಣವಾಗುತ್ತದೆ. ಫಿಲ್ಟರ್ ನೀರು ಹಾಕಿ.

ಸೋಸಲು ಚಹಾ ಜಾಲರಿ ಸಾಲದು. ಹಳೆಯ ಧೋತರದ ತುಂಡನ್ನು ಬಿಸಿನೀರಲ್ಲಿ ಹಿಂಡಿ ಸೋಪಿನ ವಾಸನೆ ಕಳೆದು, ಎರಡು ಪದರ ಮಾಡಿ ಸೋಸಿ, ಗಟ್ಟಿಯಾಗಿ ಹಿಂಡಿ.

ಈಗ ಕುದಿಸುವುದು. ದಪ್ಪ ತಳದ ಪಾತ್ರೆಯಲ್ಲಿ ನಡು ಉರಿಯ ಮೇಲಿಟ್ಟು ತಳ ಮುಟ್ಟುವ ಹಾಗೆ ಸೌಟಾಡಿಸುತ್ತಿರಿ. ಹಾಲಿನಂತೆ ಉಕ್ಕಿ ಬರುತ್ತದೆ. ಆಯಿತೆಂದು ಇಳಿಸಬೇಡಿ, ಅದು ಬರೀ ನೊರೆ. ಉರಿ ಸಣ್ಣಗೆ ಮಾಡಿ ಇನ್ನೂ ಹತ್ತು ನಿಮಿಷ ಕುದಿಸಿ. ಮೊದಮೊದಲು ಹೊಲದಿಂದ ಆಗಷ್ಟೇ ಕಿತ್ತ ಹಸಿಕಾಯಿಯ ವಾಸನೆ ಇರುತ್ತದೆ. ಕ್ರಮೇಣ ನೊರೆ ಕುಗ್ಗಿ, ಕುದಿಸಿದ ಶೇಂಗಾದ ಘಮ ಏಳುತ್ತದೆ. ಆಗ ಇಳಿಸಿ, ಚಿಟಿಕೆ ಉಪ್ಪು ಹಾಕಿ.

ಚಹಾಕ್ಕೆ ಹಾಕಿದಾಗ ಒಡೆಯುತ್ತದೆ ಎಂಬ ದೂರು ಬಹಳ. ತಣ್ಣನೆಯ ಹಾಲನ್ನು ಕುದಿಯುವ ಡಿಕಾಕ್ಷನ್‌ಗೆ ಸುರಿದರೆ ಹಾಗಾಗುವ ಸಂಭವ ಹೆಚ್ಚು; ಬೆಲ್ಲವನ್ನು ಒಲೆಯ ಮೇಲಿರುವಾಗಲೇ ಹಾಕಿದರೂ ಅಷ್ಟೇ. ಹಾಲು ಬಿಸಿ ಮಾಡಿ, ಒಲೆ ಆರಿಸಿದ ಮೇಲೆ ಬೆರೆಸಿ, ಬೆಲ್ಲ ಕೊನೆಗೆ ಹಾಕಿ.

ಉಳಿದ ಹಾಲಿನ ಪಾತ್ರೆಯನ್ನು ತಣ್ಣೀರಲ್ಲಿಟ್ಟು ಬೇಗ ಆರಿಸಿ ಫ್ರಿಜ್‌ಗೆ ಹಾಕಿ, ಮೂರು ದಿನದೊಳಗೆ ಮುಗಿಸಿ. ಮೇಲೆ ಜಿಡ್ಡು ತೇಲುವುದು ಸಹಜ, ಅಲುಗಾಡಿಸಿ ಬಳಸಿ. ಹುಳಿ ವಾಸನೆ ಬಂದರೆ ಅಥವಾ ಲೋಳೆಯಾದರೆ ಚೆಲ್ಲಿ.

ಬಾದಾಮಿಯಾದರೆ 100 ಗ್ರಾಮಿಗೆ 500 ಮಿಲಿ ನೀರು, ಕುದಿಸುವ ಅಗತ್ಯವಿಲ್ಲ, ಎರಡು ದಿನದಲ್ಲಿ ಮುಗಿಸಬೇಕು. ಗೋಡಂಬಿ ನುಣ್ಣಗೆ ಅರೆದರೆ ಸೋಸುವುದೂ ಬೇಡ. ಕಾಯಿಸಿದರೆ ಮಾತ್ರ ಗಂಜಿಯಂತೆ ದಪ್ಪವಾಗುತ್ತದೆ.

ಶೇಂಗಾ ಅಲರ್ಜಿ ಇರುವವರಿಗೆ ಒಂದು ಗುಟುಕೂ ಕೊಡಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಎದೆಹಾಲಿನ ಬದಲು ಇದನ್ನು ಕುಡಿಸಬಾರದು. ದನದ ಹಾಲಿನಷ್ಟು ಕ್ಯಾಲ್ಸಿಯಂ ಇದರಲ್ಲಿಲ್ಲ.

ಬಟ್ಟೆಯಲ್ಲಿ ಉಳಿದ ಹಿಪ್ಪೆಯನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಉದುರುದುರಾಗುವ ತನಕ ಹುರಿಯಿರಿ. ಬಳ್ಳೊಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು ಸೇರಿಸಿ ಕುಟ್ಟಿದರೆ ರೊಟ್ಟಿಗೆ ಶೇಂಗಾ ಹಿಂಡಿ ಆಯಿತು. ಎಷ್ಟು ಹುರಿದರೂ ಸ್ವಲ್ಪ ಪಸೆ ಉಳಿಯುತ್ತದೆ. ಹಾಗಾಗಿ ಮಾಮೂಲಿ ಹಿಂಡಿಯಂತೆ ಡಬ್ಬಿಯಲ್ಲಿ ಹೊರಗಿಡದೆ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಖಾಲಿ ಮಾಡಿ.