ಮುಂಗೈ ಚರ್ಮದ ರಕ್ತನಾಳ ಅಳೆಯುವಾಗ ಅಂಕಿಯನ್ನು ನಂಬಬೇಕಾದರೆ

ಹುಬ್ಬಳ್ಳಿಯ ನಮ್ಮ ಫಿಸಿಯಾಲಜಿ ಲ್ಯಾಬ್‌ಗೆ ಹೊಸದಾಗಿ ಬರುವ ಪಿಜಿ ವಿದ್ಯಾರ್ಥಿಗಳು ಮೊದಲು ಕೇಳುವುದು ಚರ್ಮದ ರಕ್ತನಾಳ ಎಷ್ಟು ಹಿಗ್ಗುತ್ತದೆ ಅಂತ ನೋಡುವ ಪರೀಕ್ಷೆಯಲ್ಲಿ ಕರೆಂಟ್ ಎಷ್ಟು ಇಡಬೇಕು ಅಂತ. ನಾನು ಮೊದಲು ಕೇಳುವುದು ಪರೀಕ್ಷೆಗೆ ಬಂದವರನ್ನು: "ಚಾ ಕುಡದೀರೇನ್ರೀ?" "ಒಂದ ಕಪ್ ಅಷ್ಟ ರೀ" ಅಂದರೆ ಆ ದಿನದ ಅಳತೆ ಬೇಡ. ಚಹಾ, ಕಾಫಿ, ಬೀಡಿ, ತಂಬಾಕು, ಹೊಟ್ಟೆ ತುಂಬ ಊಟ ಎಲ್ಲವೂ ಚರ್ಮದ ರಕ್ತ ಹರಿವನ್ನು ಬದಲಿಸುತ್ತವೆ.

ಕೆಲಸ ಇಷ್ಟೇ. ಮುಂಗೈ ಮೇಲೆ ಸಣ್ಣ ಚೇಂಬರ್ ಅಂಟಿಸಿ, ಅದರೊಳಗೆ ಔಷಧಿ ತುಂಬಿ, ಸಣ್ಣ ಕರೆಂಟ್‌ನಿಂದ ಅದನ್ನು ಚರ್ಮದೊಳಕ್ಕೆ ತಳ್ಳುತ್ತೇವೆ. ರಕ್ತ ಎಷ್ಟು ಹೆಚ್ಚು ಹರಿಯಿತು ಅಂತ ಲೇಸರ್ ಡಾಪ್ಲರ್, ಅಂದರೆ ಲೇಸರ್ ಬೆಳಕಿನಿಂದ ರಕ್ತದ ಹರಿವು ಅಳೆಯುವ ಯಂತ್ರ, ತೋರಿಸುತ್ತದೆ. ಔಷಧಿ ಎರಡು. ಅಸಿಟೈಲ್‌ಕೋಲಿನ್ ರಕ್ತನಾಳದ ಒಳಪದರದ ಮೂಲಕ ಕೆಲಸ ಮಾಡುತ್ತದೆ. 1980ರಲ್ಲಿ ಅಮೆರಿಕದ ವಿಜ್ಞಾನಿ ಫರ್ಚ್‌ಗಾಟ್ ಮೊಲದ ರಕ್ತನಾಳದಲ್ಲಿ ತೋರಿಸಿದ್ದು ಇದನ್ನೇ: ಒಳಪದರ ಉಜ್ಜಿ ತೆಗೆದರೆ ಅಸಿಟೈಲ್‌ಕೋಲಿನ್ ಹಾಕಿದರೂ ನಾಳ ಸಡಿಲವಾಗುವುದಿಲ್ಲ. ಸೋಡಿಯಂ ನೈಟ್ರೋಪ್ರಸೈಡ್‌ಗೆ ಒಳಪದರ ಬೇಡ. ನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಅದು ತಾನೇ ಕೊಡುತ್ತದೆ. ಮೊದಲನೆಯದಕ್ಕೆ ಮಾತ್ರ ಉತ್ತರ ಕಡಿಮೆ ಬಂದರೆ ಒಳಪದರದ ಮೇಲೆ ಅನುಮಾನ. ಎರಡಕ್ಕೂ ಕಡಿಮೆ ಬಂದರೆ ನಾಳದ ಸ್ನಾಯುವನ್ನು ನೋಡಿ, ಅದಕ್ಕಿಂತ ಮೊದಲು ನಿಮ್ಮ ಚೇಂಬರ್ ನೋಡಿ.

ಕೋಣೆ 22ರಿಂದ 24 ಡಿಗ್ರಿ ಇರಲಿ. ಏಪ್ರಿಲ್ ಬಿಸಿಲಲ್ಲಿ ಬಸ್ ಇಳಿದು ನಡೆದು ಬಂದವರನ್ನು ಅರ್ಧ ಗಂಟೆಯಾದರೂ ಸುಮ್ನೆ ಮಲಗಿಸಿ. ಮೈ ತಣ್ಣಗಾದ ಮೇಲೂ ಕೈಗೆ ಸಮಯ ಬೇಕು. ಫ್ಯಾನ್ ಬಂದ್ ಮಾಡಿ. ಗಾಳಿ ಚರ್ಮವನ್ನು ತಂಪು ಮಾಡುತ್ತದೆ, ವೈರನ್ನೂ ಅಲುಗಿಸುತ್ತದೆ. ಮಧ್ಯದಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ ಆ ಅಳತೆ ಬಿಟ್ಟುಬಿಡಿ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಬ್ಯಾಡಗಿ ಕಡೆಯಿಂದ ಬಂದವರಾದರೆ, ಇವತ್ತು ನಿನ್ನೆ ಮೆಣಸಿನಕಾಯಿ ಕೆಲಸ ಮಾಡಿದ್ದೀರಾ ಅಂತ. ಮೆಣಸಿನಕಾಯಿ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಚರ್ಮದ ನರಗಳನ್ನು ಕೆರಳಿಸಿ ರಕ್ತನಾಳ ಅಗಲಿಸುತ್ತದೆ. ಔಷಧಿ ಹಾಕುವ ಮೊದಲೇ ಕೈ ಕೆಂಪಾಗಿದ್ದರೆ ನೀವು ಏನನ್ನು ಅಳೆಯುತ್ತಿದ್ದೀರಿ? ಆಸ್ಪಿರಿನ್, ನೋವಿನ ಮಾತ್ರೆಗಳ ಬಗ್ಗೆಯೂ ಕೇಳಿ. ಪೇಸ್‌ಮೇಕರ್ ಇದ್ದವರಿಗೆ ಈ ಪರೀಕ್ಷೆ ಬೇಡವೇ ಬೇಡ.

ಬಳೆ ತೆಗೆಸಬೇಕಾಗಿಲ್ಲ. ಮಣಿಕಟ್ಟಿಗೆ ಸರಿಸಿ ಕಪ್ಪು ಬಟ್ಟೆ ಮುಚ್ಚಿದರೆ ಸಾಕು, ಬೆಳಕು ಹೊಳೆದು ಲೇಸರ್‌ಗೆ ಅಡ್ಡ ಬರುವುದಿಲ್ಲ. ಮುಂಗೈ ಒಳಭಾಗದಲ್ಲಿ ಎದ್ದು ಕಾಣುವ ರಕ್ತನಾಳ, ಮಚ್ಚೆ, ಗಾಯ ಬಿಟ್ಟು ಜಾಗ ಆರಿಸಿ. ಎಣ್ಣೆ, ಅರಿಶಿನ ಇದ್ದರೆ ಒರೆಸಿ, ಒಣಗಲು ಬಿಡಿ. ಮೊಣಕೈ ಮಡಿಕೆಯಿಂದ ಎಷ್ಟು ಸೆಂಟಿಮೀಟರ್ ಅಂತ ಬರೆದಿಡಿ. ಒಂದೇ ಬಿಂದು ಅಳೆಯುವ ಪ್ರೋಬ್ ಆದರೆ ಕೆಲವೇ ಮಿಲಿಮೀಟರ್ ಸರಿದರೂ ಅಂಕಿ ಬದಲಾಗುತ್ತದೆ. ಇಡೀ ಜಾಗದ ಚಿತ್ರ ತೆಗೆಯುವ ಯಂತ್ರವಿದ್ದರೆ ಅದನ್ನೇ ಬಳಸಿ.

ಚೇಂಬರ್‌ಗೆ ಕರೆಂಟಿನ ಯಾವ ತುದಿ ಅಂದರೆ, ಅಸಿಟೈಲ್‌ಕೋಲಿನ್‌ಗೆ ಆನೋಡ್ (ಪ್ಲಸ್), ನೈಟ್ರೋಪ್ರಸೈಡ್‌ಗೆ ಕ್ಯಾಥೋಡ್ (ಮೈನಸ್). ಚೇಂಬರ್‌ನಲ್ಲಿ ಗುಳ್ಳೆ ಉಳಿಯಬಾರದು, ಗುಳ್ಳೆ ಇದ್ದ ಕಡೆ ಔಷಧಿ ಹೋಗುವುದಿಲ್ಲ. ನೈಟ್ರೋಪ್ರಸೈಡನ್ನು ಬೆಳಕಿನಿಂದ ಮರೆಮಾಡಿ, ಬಣ್ಣ ನೀಲಿಗೆ ತಿರುಗಿದರೆ ಚೆಲ್ಲಿ. 0.1 ಮಿಲಿಆಂಪಿಯರ್ ಕರೆಂಟ್ 60 ಸೆಕೆಂಡ್ ಹರಿದರೆ ಒಟ್ಟು ವಿದ್ಯುದಾವೇಶ 6 ಮಿಲಿಕೂಲಂಬ್. ಈ ಲೆಕ್ಕವನ್ನು ಪ್ರತಿ ಸಲ ದಾಖಲಿಸಿ.

ಬರೀ ಕರೆಂಟ್‌ನಿಂದಲೂ ನಾಳ ಅಗಲವಾಗುತ್ತದೆ, ಕ್ಯಾಥೋಡ್ ಕಡೆ ಇನ್ನೂ ಜಾಸ್ತಿ. ಆದ್ದರಿಂದ ಔಷಧಿ ಬೆರೆಸಿದ ಅದೇ ದ್ರಾವಣವನ್ನು ಔಷಧಿಯಿಲ್ಲದೆ, ಅದೇ ಕರೆಂಟಿನಲ್ಲಿ, ಪಕ್ಕದ ಜಾಗದಲ್ಲಿ ಕಡ್ಡಾಯವಾಗಿ ಅಳೆಯಿರಿ. ಬರೀ ನೀರಿಗಿಂತ ಸಲೈನ್ ಬಳಸಿದರೆ ಈ ತೊಂದರೆ ಕಡಿಮೆ. ಔಷಧಿಯಿಲ್ಲದ ಈ ಅಳತೆ ಬಿಟ್ಟ ಥೀಸಿಸ್‌ಗೆ ನಾನು ಸಹಿ ಹಾಕುವುದಿಲ್ಲ.

ಲೇಸರ್ ಕೊಡುವ ಅಂಕಿಯನ್ನು ಸರಾಸರಿ ಬಿಪಿಯಿಂದ ಭಾಗಿಸಿ. ಇಲ್ಲದಿದ್ದರೆ ಬಿಪಿ ಏರಿದ್ದನ್ನೇ ನಾಳ ಹಿಗ್ಗಿದ್ದು ಅಂತ ಓದುತ್ತೀರಿ. ಕೊನೆಗೆ ತೋಳಿಗೆ ಕಫ್ ಬಿಗಿದು ರಕ್ತ ನಿಲ್ಲಿಸಿ. ಆಗಲೂ ಉಳಿಯುವ ಅಂಕಿಯೇ ಆ ಚರ್ಮದ ಸೊನ್ನೆ.

ನಾಳದ ತೊಂದರೆ ಹುಡುಕಲು ಸಕ್ಕರೆ ಕಾಯಿಲೆಯವರನ್ನು ಕರೆಯುವ ಮೊದಲು, ಆರೋಗ್ಯವಂತರನ್ನು ವಾರ ಬಿಟ್ಟು ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡು ಸಲದ ನಡುವಿನ ವ್ಯತ್ಯಾಸವು ರೋಗಿಗಳಲ್ಲಿ ನೀವು ಹುಡುಕುವ ವ್ಯತ್ಯಾಸಕ್ಕಿಂತ ದೊಡ್ಡದಿದ್ದರೆ ಇನ್ನೂ ರೋಗಿಗಳನ್ನು ಕರೆಯಬೇಡಿ.