ಪೈಎನ್ವ್‌ನಲ್ಲಿ ಆವೃತ್ತಿ ಬದಲಿಸಿದರೂ ಮ್ಯಾಕ್‌ನಲ್ಲಿ ಹಳೆಯ ಪೈಥಾನ್ ಬರುತ್ತಿದ್ದರೆ

ಪೈಥಾನ್‌ನ ಹಲವು ಆವೃತ್ತಿಗಳನ್ನು ಇಟ್ಟುಕೊಂಡು ಬೇಕಾದ್ದಕ್ಕೆ ಬದಲಿಸಲು ನೆರವಾಗುವ ಪೈಎನ್ವ್ (pyenv) ಮೂಲಕ 3.12.4 ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಿ, ‘ಪೈಎನ್ವ್ ಗ್ಲೋಬಲ್ 3.12.4’ ಎಂಬ ಕಮಾಂಡ್ ಕೊಟ್ಟ ಮೇಲೂ, ಟರ್ಮಿನಲ್‌ನಲ್ಲಿ ಪೈಥಾನ್3ರ ಆವೃತ್ತಿ ಕೇಳಿದಾಗ ಮೊದಲಿದ್ದ 3.9.6 ಎಂಬ ಉತ್ತರವೇ ಬರುತ್ತಿತ್ತು. ಮತ್ತೆ ಇನ್‌ಸ್ಟಾಲ್ ಮಾಡಿದ್ದು, ‘ರೀಹ್ಯಾಶ್’ ಕೊಟ್ಟಿದ್ದು, ಫೋಲ್ಡರಿಗೆ ‘ಲೋಕಲ್’ ಆವೃತ್ತಿ ನಿಗದಿಪಡಿಸಿದ್ದು ಯಾವುದೂ ಫಲ ಕೊಡಲಿಲ್ಲ. ಆದರೆ ‘ಪೈಎನ್ವ್ ವರ್ಷನ್’ ಸರಿಯಾಗಿ 3.12.4 ಎಂದೇ ತೋರಿಸುತ್ತಿದ್ದುದರಿಂದ ದೋಷ ಪಾತ್‌ನಲ್ಲೇ (ಕಮಾಂಡನ್ನು ಯಾವ ಫೋಲ್ಡರುಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬ ಪಟ್ಟಿಯಲ್ಲೇ) ಇರಬೇಕಿತ್ತು.

ಪೈಥಾನ್3 ಸಿಗುವ ಜಾಗಗಳನ್ನೆಲ್ಲ ಕ್ರಮವಾಗಿ ತೋರಿಸುವ ‘ವಿಚ್ -ಎ ಪೈಥಾನ್3’ ಕೊಟ್ಟಾಗ ಸಿಸ್ಟಂನ ‘/ಯುಎಸ್‌ಆರ್/ಬಿನ್’ ಮೊದಲು, ಆರಿಸಿದ ಆವೃತ್ತಿಗೆ ಕಮಾಂಡನ್ನು ದಾಟಿಸುವ ಪೈಎನ್ವ್‌ನ ‘ಶಿಮ್ಸ್’ ಫೋಲ್ಡರು ಅದರ ಕೆಳಗೆ ಕಾಣಿಸಿತು. ಬೇರೇನನ್ನೂ ಮಾಡುವ ಮೊದಲು ಈ ಕಮಾಂಡ್ ಕೊಟ್ಟು ನೋಡುವುದು ಒಳಿತು. ಪೈಎನ್ವ್‌ನ ಸಾಲುಗಳು ‘.ಝಡ್‌ಎಸ್‌ಎಚ್‌ಎನ್ವ್’ ಫೈಲಿನಲ್ಲಿದ್ದವು. ಟರ್ಮಿನಲ್ ತೆರೆದಾಗ ಶುರುವಾಗಿ ಕಮಾಂಡ್‌ಗಳನ್ನು ನಡೆಸುವ ಲಾಗಿನ್ ಶೆಲ್ ಈ ಫೈಲನ್ನು ಮೊದಲು ಓದಿ, ಆಮೇಲೆ ‘/ಇಟಿಸಿ/ಝಡ್‌ಪ್ರೊಫೈಲ್’ ಓದುತ್ತದೆ. ಅಲ್ಲಿ ಓಡುವ ‘ಪಾತ್_ಹೆಲ್ಪರ್’ ಸಿಸ್ಟಂನ ಫೋಲ್ಡರುಗಳನ್ನು ಪಾತ್‌ನ ಮುಂದಕ್ಕೆ ತಂದುಬಿಡುತ್ತದೆ.

ಆದ್ದರಿಂದ ಆ ಸಾಲುಗಳನ್ನು ‘.ಝಡ್‌ಎಸ್‌ಎಚ್‌ಎನ್ವ್’ನಿಂದ ತೆಗೆದು, ಇವೆರಡರ ನಂತರ ಓದಲಾಗುವ ಹೋಂ ಫೋಲ್ಡರಿನ ‘.ಝಡ್‌ಎಸ್‌ಎಚ್‌ಆರ್‌ಸಿ’ ಫೈಲಿನ ಕೊನೆಯಲ್ಲಿ ಹೀಗೆ ಬರೆಯಬೇಕು: ಮೊದಲು ‘ಪೈಎನ್ವ್_ರೂಟ್’ ಎಕ್ಸ್‌ಪೋರ್ಟ್, ನಂತರ ಅದರ ‘ಬಿನ್’ ಫೋಲ್ಡರನ್ನು ಪಾತ್‌ನ ಆರಂಭಕ್ಕೆ ಸೇರಿಸುವ ಸಾಲು, ಕಡೆಯಲ್ಲಿ ‘ಪೈಎನ್ವ್ ಇನಿಟ್ -’ ಅನ್ನು ‘ಇವ್ಯಾಲ್’ ಮಾಡುವ (ಅದು ಕೊಡುವ ಕಮಾಂಡ್‌ಗಳನ್ನು ನಡೆಸುವ) ಸಾಲು. ಇದರ ಕೆಳಗೆ ಪಾತ್ ಬದಲಿಸುವ ಬೇರೆ ಸಾಲು ಇರಕೂಡದು. ಹೊಸ ಟರ್ಮಿನಲ್ ವಿಂಡೋ ತೆರೆದು ‘ವಿಚ್ -ಎ’ ಕೊಟ್ಟಾಗ ‘ಶಿಮ್ಸ್’ ಮೊದಲ ಸಾಲಿನಲ್ಲಿ ಬಂದಿತು, ಪೈಥಾನ್3 ಕೂಡ 3.12.4 ಎಂದು ತೋರಿಸಿತು.