ಜೋಡಿ ಎಕ್ಕ ಬಂದಾಗ ಎಲ್ಲಿ ಮುನ್ನುಗ್ಗಬೇಕು, ಎಲ್ಲಿ ತಡೆಯಬೇಕು

ನಾನು ಆಡುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ 2013ರ ನವೆಂಬರ್‌ನಿಂದ ಪರವಾನಗಿ ಪಡೆದ ತಾಣಗಳಲ್ಲಿ ಹಣವಿಟ್ಟು ಆನ್‌ಲೈನ್ ಪೋಕರ್ ಆಡಲು ಕಾನೂನಿನ ಅನುಮತಿಯಿದೆ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಆದ್ದರಿಂದ ಊರಿನಲ್ಲಿರುವ ಓದುಗರು ಇದನ್ನು ಆಟದ ತರ್ಕಕ್ಕಾಗಿ ಮಾತ್ರ ಓದಬೇಕೆಂದು ಕೋರುತ್ತೇನೆ. ನನ್ನದು 5 ಮತ್ತು 10 ಸೆಂಟ್ ಬ್ಲೈಂಡ್‌ಗಳಿರುವ, ಆರು ಮಂದಿ ಕೂರುವ ಹೋಲ್ಡೆಮ್ ಮೇಜು. ಬ್ಲೈಂಡ್ ಎಂದರೆ ಎಲೆ ನೋಡುವ ಮುನ್ನವೇ ಇಬ್ಬರು ಕಡ್ಡಾಯವಾಗಿ ಇಡುವ ಹಣ; ದೊಡ್ಡದನ್ನು ಇಡುವವನ ಸ್ಥಾನ ಬಿಗ್ ಬ್ಲೈಂಡ್. ಹೋಲ್ಡೆಮ್ ಪೋಕರ್‌ನಲ್ಲಿ ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ ಸಿಗುತ್ತವೆ; ಎಲ್ಲರಿಗೂ ಸೇರಿದ ಎಲೆಗಳು ಮೇಜಿನ ಮೇಲೆ ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್) ಬೀಳುತ್ತವೆ. ಪ್ರತಿಯೊಬ್ಬರೂ ಸಾಮಾನ್ಯವಾಗಿ 10 ಡಾಲರ್ ಇಟ್ಟುಕೊಂಡು ಕೂರುತ್ತಾರೆ.

ಈ ಮಟ್ಟದ ಆಟಗಾರರಲ್ಲಿ ಹೆಚ್ಚಿನವರು ಕಾಲ್ ಮಾಡುವುದರಲ್ಲಿ (ಎದುರಾಳಿ ಇಟ್ಟಷ್ಟೇ ಹಣವಿಟ್ಟು ಉಳಿಯುವುದು) ಧಾರಾಳಿಗಳು, ರೈಸ್ ಮಾಡುವುದರಲ್ಲಿ (ಮೊತ್ತ ಏರಿಸುವುದು) ಜಿಪುಣರು. ಒಳ್ಳೆಯ ಎಲೆ ಬಂದಾಗ ನಾನು ಅನುಸರಿಸುವ ಕ್ರಮವೆಲ್ಲ ಈ ಒಂದು ಸ್ವಭಾವದಿಂದಲೇ ಹುಟ್ಟಿದೆ. ಎದುರಾಳಿ ಧಾರಾಳವಾಗಿ ಕಾಲ್ ಮಾಡುವವನಾದರೆ ನನ್ನ ಬಲವನ್ನು ಬಚ್ಚಿಡುವುದರಲ್ಲಿ ಲಾಭವಿಲ್ಲ. ಅವನು ರೈಸ್ ಮಾಡಲು ಹಿಂಜರಿಯುವವನಾದರೆ, ಅವನು ರೈಸ್ ಮಾಡಿದ ದಿನ ಅದನ್ನು ನಂಬದೆ ವಿಧಿಯಿಲ್ಲ. ಆಕ್ರಮಣವೋ ಎಚ್ಚರವೋ ಎಂಬುದನ್ನು ನಾನು ಆಟಗಾರನ ಮನೋಧರ್ಮಕ್ಕೆ ಬಿಡುವುದಿಲ್ಲ. ಒಂದೇ ಕೈಯ ಆಟದಲ್ಲಿ ಎರಡಕ್ಕೂ ಬೇರೆ ಬೇರೆ ಜಾಗಗಳಿವೆ ಎಂದೇ ಆಡುತ್ತೇನೆ.

ಮೊದಲ ಮೂರು ಎಲೆ ಬೀಳುವ ಮುನ್ನ ನನ್ನದು ಪೂರ್ತಿ ಆಕ್ರಮಣ. ಜೋಡಿ ಎಕ್ಕ ಸರಾಸರಿ 221 ಕೈಗಳಿಗೊಮ್ಮೆ ಬರುತ್ತದೆ. ಯಾದೃಚ್ಛಿಕ ಎಲೆ ಹಿಡಿದ ಒಬ್ಬನ ಎದುರು ಅದು ಕೊನೆಯವರೆಗೆ ಉಳಿದು ಗೆಲ್ಲುವ ಸಾಧ್ಯತೆ ಶೇ. 85, ಅಂಥ ನಾಲ್ವರಿದ್ದರೆ ಅದು ಸುಮಾರು ಶೇ. 56ಕ್ಕೆ ಇಳಿಯುತ್ತದೆ. ಆಗ ಯಾರ ಬಳಿ ಎರಡು ಜೋಡಿಯಿದೆ, ಯಾರು ಒಂದೇ ಬಣ್ಣದ (ಎಲ್ಲವೂ ಇಸ್ಪೀಟು ಅಥವಾ ಎಲ್ಲವೂ ಡೈಮಂಡ್ ಎಂಬಂತೆ ಒಂದೇ ಗುರುತಿನ) ಐದೆಲೆಗೆ ಕಾಯುತ್ತಿದ್ದಾರೆ ಎಂದು ಊಹಿಸುವುದೂ ಕಷ್ಟವಾಗುತ್ತದೆ. ನಾಲ್ಕೈದು ಮಂದಿಯ ಕೈಯಿಂದ ಚಿಲ್ಲರೆ ವಸೂಲು ಮಾಡುವುದಕ್ಕಿಂತ ಒಬ್ಬಿಬ್ಬರಿಂದ ದೊಡ್ಡ ಮೊತ್ತ ಹಾಕಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ನನಗಿಂತ ಮೊದಲು ಯಾರೂ ಒಳಬಂದಿಲ್ಲದಿದ್ದರೆ 30 ಸೆಂಟ್‌ಗೆ ರೈಸ್ ಮಾಡುತ್ತೇನೆ. ರೈಸ್ ಮಾಡದೆ ಬರೀ 10 ಸೆಂಟ್ ಕೊಟ್ಟು ಒಳಬಂದ ಪ್ರತಿಯೊಬ್ಬನಿಗೂ 10ರಿಂದ 15 ಸೆಂಟ್ ಸೇರಿಸುತ್ತೇನೆ. ಬೇರೆಯವರು ಮೊದಲೇ ರೈಸ್ ಮಾಡಿದ್ದರೆ ಅದರ ಮೂರೂವರೆ, ನಾಲ್ಕು ಪಟ್ಟು ಇಡುತ್ತೇನೆ. ಎಲ್ಲರೂ ಅಲ್ಲೇ ಬಿಟ್ಟುಕೊಟ್ಟರೂ ನಷ್ಟವಿಲ್ಲ. ಫ್ಲಾಪ್ ಕಾಣದೆ ಮುಗಿದ ಕೈಯಿಂದ ಹೆಚ್ಚಿನ ತಾಣಗಳು ತಮ್ಮ ಪಾಲನ್ನು ಕಡಿದುಕೊಳ್ಳುವುದಿಲ್ಲ.

ಒಂದು ಕೈಯನ್ನು ಬಿಡಿಸಿ ಹೇಳುತ್ತೇನೆ. ಇಬ್ಬರು ಸುಮ್ಮನೆ ಒಳಬಂದಿದ್ದರು; ಬಟನ್‌ನಲ್ಲಿದ್ದ (ಫ್ಲಾಪ್ ನಂತರ ಕೊನೆಗೆ ಆಡುವ ಸ್ಥಾನ) ನನಗೆ ಜೋಡಿ ರಾಜ ಬಂದಿತ್ತು. 60 ಸೆಂಟ್‌ಗೆ ಏರಿಸಿದೆ, ಒಬ್ಬ ಉಳಿದ; ಪಾಟ್ (ಮೇಜಿನ ನಡುವೆ ಸೇರಿದ ಒಟ್ಟು ಹಣ) 1.45 ಡಾಲರ್. ಫ್ಲಾಪ್‌ನಲ್ಲಿ ಇಸ್ಪೀಟ್ 9, ಇಸ್ಪೀಟ್ 6, ಡೈಮಂಡ್ 2 ಬಿದ್ದವು. ನಾನು 1 ಡಾಲರ್ ಇಟ್ಟೆ, ಅವನು ಕಾಲ್ ಮಾಡಿದ, ಪಾಟ್ 3.45. ಟರ್ನ್‌ನಲ್ಲಿ ಕಳಾವರ್ 4. ನಾನು 2.40 ಇಟ್ಟೆ, ಅವನು ಮತ್ತೆ ಕಾಲ್, ಪಾಟ್ 8.25, ನನ್ನಲ್ಲಿ ಉಳಿದದ್ದು ಸರಿಯಾಗಿ 6 ಡಾಲರ್. ರಿವರ್‌ನಲ್ಲಿ ಡೈಮಂಡ್ ರಾಣಿ ಬಂತು, ಅವನು ಚೆಕ್ ಮಾಡಿದ (ಹಣವಿಡದೆ ಸರದಿ ದಾಟಿಸಿದ), ನಾನು ಆರನ್ನೂ ಮುಂದಿಟ್ಟೆ. ಅವನು 10 ಮತ್ತು 9 ಹಿಡಿದು ಕಾಲ್ ಮಾಡಿದ.

ಫ್ಲಾಪ್‌ನಲ್ಲಿ ಬಲ ಮರೆಸಲೆಂದು ಚೆಕ್ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಪಾಟ್ 1.45ರಲ್ಲೇ ನಿಂತು, ಟರ್ನ್‌ನಲ್ಲಿ 1, ರಿವರ್‌ನಲ್ಲಿ 2.40 ಇಟ್ಟು ಆಟ ಮುಗಿಯುತ್ತಿತ್ತು. ಬೆಟ್ಟಿನ ಗಾತ್ರ ಪಾಟ್ ಬೆಳೆದಂತೆ ಬೆಳೆಯುವುದರಿಂದ, ಒಂದು ಸುತ್ತು ಬಿಟ್ಟವನಿಗೆ ತಪ್ಪಿಹೋಗುವುದು ಆ ಸುತ್ತಿನ 1 ಡಾಲರ್ ಅಲ್ಲ, ಕೊನೆಯ 6 ಡಾಲರ್. ಹೀಗೆ ಬಲ ಮರೆಸಿ ಸ್ಲೋ ಪ್ಲೇ ಮಾಡುವವರು ಈ ಲೆಕ್ಕವನ್ನು ಗಮನಿಸುವುದೇ ಇಲ್ಲ. ಜೊತೆಗೆ, ಇಸ್ಪೀಟಿನ ಎರಡೆಲೆ ಹಿಡಿದವನಿಗೆ ಫ್ಲಾಪ್‌ನಿಂದ ರಿವರ್‌ವರೆಗೆ ಫ್ಲಶ್ (ಒಂದೇ ಬಣ್ಣದ ಐದೆಲೆ) ಕೂಡುವ ಸಾಧ್ಯತೆ ಸುಮಾರು ಶೇ. 35, ಅವನಿಗೆ ಒಂದು ಎಲೆಯನ್ನು ಪುಕ್ಕಟೆ ಕೊಟ್ಟಂತಾಗುತ್ತಿತ್ತು.

ಎಚ್ಚರದ ಜಾಗ ಬೇರೆ. ಜೋಡಿ ಎಕ್ಕ ಹಿಡಿದು ನಾನು 30 ಸೆಂಟ್‌ಗೆ ರೈಸ್ ಮಾಡಿದಾಗ, ಸಂಜೆಯೆಲ್ಲ ಕಾಲ್ ಬಿಟ್ಟು ಬೇರೇನೂ ಮಾಡದ ಒಬ್ಬ ಬಿಗ್ ಬ್ಲೈಂಡ್‌ನಿಂದ ಒಳಬಂದ. ಗುಲಾಮ, 8, 3 ಬಿದ್ದವು, ಮೂರೂ ಬೇರೆ ಬೇರೆ ಬಣ್ಣ. ನಾನು 45 ಸೆಂಟ್ ಇಟ್ಟೆ, ಅವನು ಕಾಲ್. ಟರ್ನ್‌ನಲ್ಲಿ 5. ನನ್ನ 1.10ಕ್ಕೆ ಅವನು 3.50ಕ್ಕೆ ಏರಿಸಿದ. ಆ ಕ್ಷಣಕ್ಕೆ ಕೊಡಬೇಕಾದದ್ದು 2.40 ಮಾತ್ರ, ಆದರೆ ರಿವರ್‌ನಲ್ಲಿ ಉಳಿದ 5.75 ಕೂಡ ಬರಲಿದೆ ಎಂದು ಹಿಡಿದರೆ, ನನ್ನ 8.15 ಡಾಲರ್ ಸಾರ್ಥಕವಾಗಲು ನಾನು ಶೇ. 40ಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ಅವನಲ್ಲಿ ಗುಲಾಮ ಮತ್ತು 8 ಇದ್ದರೆ ನನಗೆ ನೆರವಾಗುವುದು ಉಳಿದ 44ರಲ್ಲಿ 8 ಎಲೆಗಳು. ಮೂರು 8 ಅಥವಾ ಮೂರು 3 ಇದ್ದರೆ ಎರಡೇ ಎಕ್ಕ. ಇಂಥ ಆಟಗಾರ ಗುಲಾಮದ ಒಂದು ಜೋಡಿಯಿಂದ ಟರ್ನ್‌ನಲ್ಲಿ ರೈಸ್ ಮಾಡುವುದಿಲ್ಲ, ಅದರಿಂದ ಕಾಲ್ ಮಾಡುತ್ತಾನೆ. ನಾನು ಎಕ್ಕಗಳನ್ನು ಬಿಟ್ಟುಕೊಟ್ಟೆ. ಅವನ ಎಲೆ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಫ್ಲಾಪ್ ಬಿದ್ದ ಮೇಲೆ ಜೋಡಿ ಎಕ್ಕವೂ ಒಂದೇ ಒಂದು ಜೋಡಿ ಎಂಬುದನ್ನು ಒಪ್ಪಿಕೊಳ್ಳುವುದು ಈ ಆಟದಲ್ಲಿ ಕಲಿಯಲು ಅತ್ಯಂತ ಕಷ್ಟವಾದ ಸಂಗತಿ. ಹಾಗೆಂದು ಯಾವ ಎಲೆ ಬಂದರೂ ಏರಿಸುತ್ತಲೇ ಇರುವ ಪುಂಡ ಆಟಗಾರ ಅದೇ ರೈಸ್ ಮಾಡಿದ್ದರೆ ನಾನು ಬಿಡುತ್ತಿರಲಿಲ್ಲ.

ಬಲವನ್ನು ನಾನು ಬೇಕೆಂದೇ ಮರೆಸುವ ಸಂದರ್ಭ ವಿರಳ. ಕೈಯಲ್ಲಿ ಜೋಡಿ ಎಕ್ಕವಿದ್ದು ಫ್ಲಾಪ್‌ನಲ್ಲಿ ಎಕ್ಕ, 7, 2 ಬೇರೆ ಬೇರೆ ಬಣ್ಣಗಳಲ್ಲಿ ಬಿದ್ದರೆ, ಕಟ್ಟಿನಲ್ಲಿ ಉಳಿದಿರುವುದು ಒಂದೇ ಎಕ್ಕ; ಕಾಲ್ ಮಾಡಲು ಯಾರ ಬಳಿಯೂ ಏನೂ ಇರುವ ಸಂಭವ ಕಡಿಮೆ. ಅಲ್ಲಿ ಒಂದು ಸುತ್ತು ಚೆಕ್ ಮಾಡಿ, ಎದುರಾಳಿಗೆ ಒಂದು ಜೋಡಿ ಕೂಡಲು ಬಿಡುತ್ತೇನೆ. ಅದೇ ಫ್ಲಾಪ್‌ನಲ್ಲಿ ನನ್ನ ಕೈಯಲ್ಲಿ ಜೋಡಿ 7 ಇದ್ದರೆ ಚೆಕ್ ಮಾಡುವ ಮಾತೇ ಇಲ್ಲ, ಏಕೆಂದರೆ ಎಕ್ಕ ಹಿಡಿದವರು ಅನೇಕರಿರಬಹುದು ಮತ್ತು ಎಕ್ಕ ಹಿಡಿದವನು ಈ ಮಟ್ಟದಲ್ಲಿ ಬಿಟ್ಟುಹೋಗುವುದಿಲ್ಲ.

ಎಕ್ಕ-ರಾಜದ ಕೈಯನ್ನೂ ಮೊದಲ ಸುತ್ತಿನಲ್ಲಿ ಜೋಡಿ ರಾಜದಷ್ಟೇ ಜೋರಾಗಿ ಆಡುತ್ತೇನೆ, ಆದರೆ ಮೂರರಲ್ಲಿ ಎರಡು ಸಲ ಫ್ಲಾಪ್ ಅದಕ್ಕೆ ಏನನ್ನೂ ಕೂಡಿಸುವುದಿಲ್ಲವಾದ್ದರಿಂದ, ಇಬ್ಬರು ಉಳಿದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಜೋಡಿ ರಾಣಿಯದು ಇನ್ನೂ ಸೂಕ್ಷ್ಮ. ನನ್ನ ಮರು ರೈಸ್‌ಗೆ ಎದುರಾಳಿ ಮತ್ತೆ ಏರಿಸಿದಾಗ, ಅವನು ಎಕ್ಕ-ರಾಜವನ್ನೂ ಹಾಗೆ ಆಡುವವನೇ ಎಂಬುದೊಂದೇ ಪ್ರಶ್ನೆ. ಜೋಡಿ ಎಕ್ಕ 6 ಬಗೆ, ಜೋಡಿ ರಾಜ 6 ಬಗೆ, ಎಕ್ಕ-ರಾಜ 16 ಬಗೆಯಲ್ಲಿ ಬರುತ್ತವೆ. ಎಲ್ಲವೂ ಸೇರಿದರೆ ನನ್ನ ರಾಣಿಯರಿಗೆ ಸುಮಾರು ಶೇ. 40 ಪಾಲಿದೆ, ಬರೀ ಎಕ್ಕ, ರಾಜ ಜೋಡಿಗಳಾದರೆ ಐದರಲ್ಲಿ ಒಂದು ಪಾಲೂ ಸರಿಯಾಗಿ ಇಲ್ಲ. ಅದಕ್ಕಾಗಿಯೇ ಯಾರಾದರೂ ಎಲೆ ತೋರಿಸಿದಾಗಲೆಲ್ಲ, ನಾನು ಆ ಕೈಯಲ್ಲಿ ಇಲ್ಲದಿದ್ದರೂ, ಅವರು ಯಾವ ಎಲೆಯಿಂದ ಎಷ್ಟಕ್ಕೆ ಏರಿಸಿದರೆಂದು ಅವರ ಹೆಸರಿನ ಪಕ್ಕದ ಟಿಪ್ಪಣಿಯಲ್ಲಿ ಬರೆದಿಡುತ್ತೇನೆ. ಅಲ್ಲಿ ಎಕ್ಕ-ರಾಜದ ಉಲ್ಲೇಖವಿದ್ದರೆ ಮುಂದುವರಿಯುತ್ತೇನೆ; ಆ ಜಾಗ ಖಾಲಿಯಿದ್ದು ಆಟಗಾರ ಶಾಂತ ಸ್ವಭಾವದವನಾಗಿದ್ದರೆ ರಾಣಿಯರನ್ನು ಬಿಡುತ್ತೇನೆ.